ಕೋಲಿನ ಏಟಿಗೆ ಒಡೆಯದ ಮಣಿ

ನಾನು ಒಂದು ಮಣಿ. ನೆಲ್ಲಿಕಾಯಿ ಗಾತ್ರ, ನವಿಲುಗೊರಳಿನ ಬಣ್ಣ, ನಡುವೆ ದಾರ ಹಾಯುವಷ್ಟು ತೂತು. ನನ್ನ ಮೈ ಪಾಲಿಮರ್ ಕ್ಲೇಯದು. ಜನ ಅದನ್ನು ಮಣ್ಣು ಅನ್ನುತ್ತಾರೆ, ಆದರೆ ಹೊಲದ ಮಣ್ಣಿಗೂ ನನಗೂ ಯಾವ ನಂಟೂ ಇಲ್ಲ. ಯಾವುದೋ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕಿನ ಹಿಟ್ಟು, ಎಣ್ಣೆಯಂಥದೊಂದು ದ್ರವ, ಒಂದಿಷ್ಟು ಬಣ್ಣ ಕಲಸಿ, ಸೋಪಿನ ಬಿಲ್ಲೆಯಂತೆ ಕತ್ತರಿಸಿ ಕಾಗದ ಸುತ್ತಿದರು. ನಾನು ನೀರಿಗೆ ಕರಗುವುದಿಲ್ಲ, ಗಾಳಿಗೆ ಒಣಗುವುದಿಲ್ಲ. ಒಲೆಯ ಹದವಾದ ಕಾವು ತಾಗಿದರೆ ಗಟ್ಟಿಯಾಗುತ್ತೇನೆ. ಒಮ್ಮೆ ಗಟ್ಟಿಯಾದೆ ಅಂದರೆ ಮುಗಿಯಿತು, ಮತ್ತೆ ಹಸಿಯಾಗುವ ದಾರಿಯಿಲ್ಲ.

ಗದಗಿನ ಅಂಗಡಿಯೊಂದರ ಕಪಾಟಿನಲ್ಲಿ ನಮ್ಮದು ಎರಡು ಜಾತಿ. ಮೇಲಿನ ಹಲಗೆಯಲ್ಲಿ ಬಿರುಸು ಮಣ್ಣು, ಕೆಳಗಿನ ಹಲಗೆಯಲ್ಲಿ ಮೆದು ಮಣ್ಣು. ನಾನು ಮೇಲಿನ ಹಲಗೆಯ ಮನೆತನದವನು. ನಮ್ಮನ್ನು ಮುಟ್ಟಿದವರೆಲ್ಲ ಮುಖ ಸಿಂಡರಿಸಿ ಕೆಳಗೆ ಬಗ್ಗುತ್ತಿದ್ದರು. ಹಾಗೆ ಎಷ್ಟು ದಿನ ಕೂತಿದ್ದೆನೋ, ಒಂದು ದಿನ ಇಬ್ಬರು ಗೆಳತಿಯರು ಬಂದರು. ಒಬ್ಬಳು ಕಸ್ತೂರಿ, ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ದಿನವಿಡೀ ಮಷಿನ್ ತುಳಿಯುವವಳು, ಎರಡು ಹೆಣ್ಣುಮಕ್ಕಳ ತಾಯಿ. ಇನ್ನೊಬ್ಬಳು ಅವಳ ಓಣಿಯ ಮಂದಾಕಿನಿ. ಇಬ್ಬರೂ ಕೂಡಿ ಮಣಿಸರ ಮಾಡುವ ಕೆಲಸಕ್ಕೆ ಕೈ ಹಾಕಿದ್ದರು.

ಕಸ್ತೂರಿ ನನ್ನನ್ನು ಒತ್ತಿ ನೋಡಿದಳು. ಹೆಬ್ಬೆರಳು ಒಳಗೆ ಇಳಿಯಲಿಲ್ಲ.

“ಇದು ಕಲ್ಲ ಐತಿ ನೋಡು.”

“ಹಂಗಾರ ಕೆಳಗಿಂದು ತಗೊ,” ಅಂದಳು ಮಂದಾಕಿನಿ. “ಬೆಣ್ಣಿ ಇದ್ದಂಗ ಐತಿ.”

“ಬೆಣ್ಣಿ ಪೋಣಸಾಕ ಬರತೈತೇನು?”

ಎರಡರಲ್ಲೂ ಒಂದೊಂದು ಬಿಲ್ಲೆ ತೆಗೆದುಕೊಂಡು ಹೋದರು.

ಬಿರುಸು ಮಣ್ಣು ಸುಮ್ಮನೆ ಕೈಗೆ ಬಗ್ಗುವುದಿಲ್ಲ, ಅದನ್ನು ಮೊದಲು ಬೆಚ್ಚಗೆ ಮಾಡಬೇಕು. ಕಸ್ತೂರಿ ನನ್ನನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬೆಳಗಿನ ರೊಟ್ಟಿ ಬಡಿದಳು. ಆಮೇಲೆ ತುಂಡು ಮಾಡಿ ನಾದಿದಳು. ಮುಂಗೈ ನರ ಉಬ್ಬುವ ತನಕ ನಾದಿದಳು. ನನ್ನನ್ನು ಯಾರೂ ಅಷ್ಟು ಹೊತ್ತು ಕೈಯಲ್ಲಿ ಹಿಡಿದದ್ದಿಲ್ಲ. ನಾನು ನಿಧಾನಕ್ಕೆ ಅವಳ ಮಾತು ಕೇಳತೊಡಗಿದೆ.

ಮಣಿ ಮಾಡುವ ಮುಂಚೆ ಅವಳದೊಂದು ಕಟ್ಟಳೆ. ಹೊಸ ಮಣ್ಣು ಬಂದರೆ ಮೊದಲು ಬೆರಳುದ್ದದ ತೆಳು ಪಟ್ಟಿ ಮಾಡಿ ಸುಡುವುದು, ಆರಿದ ಮೇಲೆ ಬಗ್ಗಿಸಿ ನೋಡುವುದು. ಮೆದು ಮಣ್ಣಿನ ಪಟ್ಟಿ ಹಪ್ಪಳದ ಹಾಗೆ ಟಕ್ಕೆಂದು ಮುರಿಯಿತು. ನನ್ನ ಮೈಯ ಪಟ್ಟಿ ಬಿಲ್ಲಿನ ಹಾಗೆ ಬಾಗಿ ಮತ್ತೆ ನೆಟ್ಟಗಾಯಿತು.

“ನೋಡಿದಿಲ್ಲ ಮಂದಾ? ಪಟ್ಟಿ ಬಗ್ಗಿಸಿ ನೋಡಲಾರದ, ಮಣಿ ಮಾಡಬಾರದು.”

“ಆತವಾ ಪಂಡಿತೆ,” ಅಂದಳು ಮಂದಾಕಿನಿ.

ಉಳಿದ ಮಣ್ಣಿನಲ್ಲಿ ನಾನು ಮಣಿಯಾದೆ. ತೂತಿಗೆ ಚುಚ್ಚಿದ ಸೂಜಿಯಿಂದ ಬಿಡಿಸುವಾಗ ಕಸ್ತೂರಿಯ ಹೆಬ್ಬೆರಳು ಬಲವಾಗಿ ಒತ್ತಿ, ನನ್ನ ಬೆನ್ನಿನ ಮೇಲೆ ಅದರ ಗೆರೆಗಳು ಮೂಡಿದವು. ಸುಟ್ಟ ಮೇಲೆ ಉಜ್ಜಿ ನುಣುಪು ಮಾಡಬೇಕಿತ್ತು. “ಇರಲಿ ಬಿಡು, ಮಾದರಿ ಮಣಿ ಇದು,” ಅಂದು ಗೋಡೆಯ ಮೊಳೆಗೆ ನೇತುಹಾಕಿದಳು. ಆ ಹೆಬ್ಬೆಟ್ಟನ್ನು ನಾನು ಒಂದು ಬಿರುದಿನ ಹಾಗೆ ಹೊತ್ತುಕೊಂಡಿದ್ದೆ.

ಸ್ವಲ್ಪ ದಿನಕ್ಕೆ ಗೌರಕ್ಕ ಬಂದರು. ನರ್ಸ್ ಆಗಿ ನಿವೃತ್ತರಾದ ಗಟ್ಟಿ ಹೆಂಗಸು, ಇಪ್ಪತ್ನಾಲ್ಕು ಮಂದಿಯ ಕೋಲಾಟದ ತಂಡ ಕಟ್ಟಿಕೊಂಡವರು.

“ಹೋದ ಸಲ ಸುಟ್ಟ ಮಣ್ಣಿನ ಸರ ಹಾಕ್ಕೊಂಡು ಆಡಿದ್ವಿ. ಕೋಲು ತಾಗಿ ಒಡದು ಚೂರು ಅಂಗಾಲಿಗೆ ಹೊಕ್ಕವು. ಇದೂ ಹಂಗ ಏನು?”

ಹೇಳುತ್ತಲೇ ನನ್ನನ್ನು ಮೊಳೆಯಿಂದ ಇಳಿಸಿ ನೆಲಕ್ಕಿಟ್ಟು ಕೋಲಿನಿಂದ ಒಂದು ಬಾರಿಸಿದರು. ನಾನು ಪುಟಿದು ಗೋಡೆಗೆ ಬಡಿದು ಉರುಳಿ ಬಂದೆ. ಅಷ್ಟೇ. ಕನ್ನಡಕ ಏರಿಸಿ ನನ್ನನ್ನು ತಿರುಗಿಸಿ ನೋಡಿದ ಗೌರಕ್ಕನ ಮುಖ ಸಡಿಲಾಯಿತು.

“ಇದ ಮಣ್ಣಿನಾಗ ಇಪ್ಪತ್ನಾಕು ಸರ ಮಾಡಿ ಕೊಡವಾ. ನಮ್ಮ ಹೆಣ್ಣಮಕ್ಕಳ ತರಬೇತಿ ಕೇಂದ್ರದಾಗ ಜೂನಿಂದ ಮಣಿ ಮಾಡೂದು ಕಲಿಸಾಕ ಒಬ್ಬಾಕಿ ಬೇಕು. ಸರ ಛಲೋ ಬಂದ್ವು ಅಂದ್ರ ನಿನ್ನ ಹೆಸರ ಹೇಳ್ತೀನಿ.”

“ಇದ ಮಣ್ಣರೀ ಅಕ್ಕಾರ. ಮಾತು ಕೊಟ್ಟೇನಿ,” ಅಂದಳು ಕಸ್ತೂರಿ.

ಆ ಕೆಲಸ ಸಿಕ್ಕರೆ ಮಷಿನ್ ತುಳಿಯುವುದು ತಪ್ಪುತ್ತಿತ್ತು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬಹುದಿತ್ತು. ಅವಳಿಗೆ ಬೇಕಾದದ್ದು ಅದೊಂದೇ ಅನ್ನುವುದು ಮೊಳೆಯ ಮೇಲಿನ ನನಗೂ ಗೊತ್ತಿತ್ತು.

ಎಂಟು ಸರ ಮುಗಿಯುವಷ್ಟರಲ್ಲಿ ಅವಳ ಮಣಿಕಟ್ಟು ಬಾತುಕೊಂಡಿತು. ಅಂಗಡಿಯಲ್ಲಿ ಕತ್ತರಿ ಹಿಡಿಯಲಾಗದೆ ಬೈಸಿಕೊಂಡು ಬಂದಳು. ನಾದುತ್ತ ನಾದುತ್ತ ಮಣ್ಣನ್ನು ಮಣೆಯ ಮೇಲೆ ಬಿಟ್ಟು ಕೂತಳು.

“ಮಂದಾ, ಈ ಕೈ ನನ್ನ ಮಾತ ಕೇಳವಲ್ದು. ಏನರ ಮಾಡವಾ.”

ಮರುದಿನ ಮಂದಾಕಿನಿ ಸ್ಟೀಲ್ ಡಬ್ಬಿಯೊಂದನ್ನು ತಂದು ಮುಂದಿಟ್ಟಳು. ಒಳಗೆ ನವಿಲುಗೊರಳಿನ ಬಣ್ಣದ ಮಣ್ಣಿನ ಮುದ್ದೆಗಳು, ಮೇಲೆ ಕಂಪನಿಯ ಕಾಗದವಿಲ್ಲ.

“ನಾನ ನಾದಿ ತಂದೇನಿ. ನೀ ಬರೇ ಉಂಡಿ ಮಾಡು.”

ಕಸ್ತೂರಿ ಒಂದು ಚಿವುಟು ತೆಗೆದುಕೊಂಡಳು. ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು. ಹೋದದ್ದು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

“ಭಾಳ ಮೆತ್ತಗ ಐತಲ್ಲ.”

“ನಾದೇನಿ ಅಂದ್ನಲ್ಲ.”

ಉಂಡೆ ಮಾಡಿದ್ದಕ್ಕೆಲ್ಲ ಬೆರಳಚ್ಚು ಕೂರುತ್ತಿತ್ತು. ನಮ್ಮ ಮನೆತನದ ಮಣ್ಣಿಗೆ ಅಷ್ಟು ಸುಲಭಕ್ಕೆ ಅಚ್ಚು ಕೂರುವುದಿಲ್ಲ. ಕಸ್ತೂರಿ ಎದ್ದು ಹೋಗಿ, ಅಚ್ಚು ಕೂರದಿರಲಿ ಅಂತ ಅಂಗೈಗೆ ಮೈದಾ ಸವರಿಕೊಂಡು ಬಂದು ಮತ್ತೆ ಕೂತಳು. ಅಂದು ಪಟ್ಟಿ ಮಾಡಲಿಲ್ಲ. ಒಂದು ಪಟ್ಟಿ ಸುಟ್ಟು ಬಗ್ಗಿಸಿದ್ದರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾಗುವುದು ಬೇಡ ಅಂತಲೇ ಮಾಡಲಿಲ್ಲ. ನಾನು ಮೊಳೆಯ ಮೇಲಿಂದ ಕಾಯುತ್ತಲೇ ಇದ್ದೆ, ಈಗ ಮಾಡುತ್ತಾಳೆ, ಇನ್ನೊಂದು ಗಳಿಗೆಗೆ ಮಾಡುತ್ತಾಳೆ ಅಂತ.

ಹದಿನಾರು ಸರ ಭರಭರನೆ ಮುಗಿದವು. ಕೊನೆಯದು ಗೌರಕ್ಕನ ಸರ.

“ಅಕ್ಕಾರ ಆ ಮಾದರಿ ಮಣಿ ಗುರ್ತು ಹಿಡೀತಾರ,” ಅಂದಳು ಮಂದಾಕಿನಿ. “ನಡುವ ಅದನ್ನ ಹಾಕು.”

ಕಸ್ತೂರಿ ಎದ್ದು ಮೊಳೆಗೆ ಕೈ ಚಾಚಿದಳು. ನನ್ನನ್ನು ಇಳಿಸಿದಳು. ಸೊಂಟದ ಶಾಖ ಕೊಟ್ಟು ನನ್ನನ್ನು ಹದ ಮಾಡಿದ ಅದೇ ಕೈ, ನನ್ನ ಎಡಕ್ಕೂ ಬಲಕ್ಕೂ ಸುಳ್ಳು ಮಣಿಗಳನ್ನಿಟ್ಟು ದಾರ ಎಳೆದು ಗಂಟು ಹಾಕಿತು. ನನ್ನ ಗಟ್ಟಿತನವನ್ನು ತೋರಿಸಿ ಅವರ ಪೊಳ್ಳನ್ನು ಮುಚ್ಚುವುದು ಅವಳ ಲೆಕ್ಕ. ಮೋಸ ಅನ್ನುವುದು ನನ್ನ ಮೈಯೊಳಗಿಂದಲೇ ದಾರವಾಗಿ ಹಾದುಹೋದದ್ದು ಅಂದು.

ಕೋಲಾಟದ ದಿನ ಸಭಾಂಗಣ ತುಂಬಿತ್ತು. ಎರಡು ಹಾಡು ಸುಸೂತ್ರ ನಡೆದವು. ಮೂರನೆಯ ಹಾಡಿಗೆ ಸಾಲು ಸಾಲೇ ಗಿರ್ರನೆ ತಿರುಗುವಾಗ ಕೋಲುಗಳು ಎದೆಯ ಸರಗಳಿಗೆ ತಾಗತೊಡಗಿದವು. ಟಕ್. ಟಕ್. ನನ್ನ ಎಡಗಡೆಯದು ಹೋಯಿತು, ಬಲಗಡೆಯದು ಹೋಯಿತು. ಚೂರುಗಳು ನೆಲದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ. ಬರಿಗಾಲಲ್ಲಿ ಆಡುತ್ತಿದ್ದವರಲ್ಲಿ ಒಬ್ಬಾಕೆ ಕುಂಟಿದಳು, ಅವಳ ಹೆಜ್ಜೆ ಬಿದ್ದಲ್ಲೆಲ್ಲ ಕೆಂಪು. ಆದರೂ ಹಾಡು ಮುಗಿಯುವ ತನಕ ಯಾರೂ ನಿಲ್ಲಲಿಲ್ಲ. ಮುಗಿದಾಗ ಮೊದಲಿನ ಎಂಟು ಸರ ಕೊರಳಲ್ಲಿ ಹಾಗೇ ಇದ್ದವು. ಹದಿನಾರರಲ್ಲಿ ಬರೀ ದಾರ ಜೋಲುತ್ತಿತ್ತು. ಗೌರಕ್ಕನ ದಾರದಲ್ಲಿ ನಾನೊಬ್ಬನೇ.

ಮರುದಿನ ಗೌರಕ್ಕ ಕಸ್ತೂರಿಯ ಮನೆಗೆ ಬಂದು, ಒಂದು ಮುಷ್ಟಿ ಚೂರನ್ನೂ ನನ್ನನ್ನೂ ಅಕ್ಕಪಕ್ಕ ಇಟ್ಟರು. ಮಂದಾಕಿನಿಯೂ ಅಲ್ಲೇ ಇದ್ದಳು.

“ಇದೂ ನಿಂದ, ಇವೂ ನಿನ್ನವ. ಎರಡೂ ಒಂದ ಮಣ್ಣೇನು?”

ಮಾತಾಡಿದವಳು ಮಂದಾಕಿನಿ.

“ನಾ ತಂದೆ ರೀ. ಇಕಿ ಕೈ ಬಾತಿತ್ತು, ನೋಡಾಕ ಆಗಲಿಲ್ಲ. ಮೆದು ಮಣ್ಣ ತಂದು ಕಾಗದ ತಗದು ಕೊಟ್ಟೆ.”

ಗೌರಕ್ಕ ಕಸ್ತೂರಿಯ ಕಡೆ ತಿರುಗಿದರು. “ನಿನಗ ಗೊತ್ತಿತ್ತೇನು?”

ಮಂದಾಕಿನಿ ಗೆಳತಿಯ ಮುಖವನ್ನೇ ನೋಡುತ್ತ ನಿಂತಳು. ನಾನೂ ನೋಡಿದೆ. ಹೌದು ಅಂದರೆ ಜೂನ್ ತಿಂಗಳ ಕೆಲಸ ಕೈತಪ್ಪುತ್ತಿತ್ತು.

“ಇಲ್ಲರೀ ಅಕ್ಕಾರ. ಅದ ಮಣ್ಣಂತ ತಿಳಕೊಂಡಿದ್ದೆ.”

ಮಂದಾಕಿನಿ ಜಗಳ ಆಡಲಿಲ್ಲ. ಬಾಗಿಲ ತನಕ ಹೋಗಿ ಚಪ್ಪಲಿ ಮೆಟ್ಟಿ, ಹಿಂತಿರುಗಿ ಸಣ್ಣ ದನಿಯಲ್ಲಿ ಅಂದಳು:

“ನಿನ್ನ ಹೆಬ್ಬಟ್ಟಿಗೆ ಗೊತ್ತಿತ್ತಲ್ಲ, ಕಸ್ತೂರಿ.”

ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಗೌರಕ್ಕ ಕಸ್ತೂರಿಯ ಮಾತು ನಂಬಿದರು, ನನ್ನನ್ನು ಅವಳ ಬಳಿಯೇ ಬಿಟ್ಟು, ಒಡೆಯದ ಎಂಟು ಸರ ನೆನೆದು ಅವಳ ಹೆಸರು ಹೇಳಿದರು. ಜೂನಿಗೆ ಕಸ್ತೂರಿ ತರಬೇತಿ ಕೇಂದ್ರದ ಟೀಚರ್ ಆದಳು. ಒಳ್ಳೆಯ ಟೀಚರ್, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳ ಆಟಕ್ಕೆ ಮೆದು ಮಣ್ಣು ಸಾಕು, ಮಣಿಗೆ ಬಿರುಸು ಮಣ್ಣೇ ಆಗಬೇಕು, ಕೈ ಸೋತರೆ ಎರಡನ್ನೂ ಅರ್ಧರ್ಧ ಕೂಡಿಸಿ ನಾದಿ ಪಟ್ಟಿ ಬಗ್ಗಿಸಿ ನೋಡಿರಿ ಅಂತ ಹುಡುಗಿಯರಿಗೆ ಬಿಡಿಸಿ ಹೇಳುತ್ತಾಳೆ. ಈ ಅರ್ಧರ್ಧದ ಮಾತನ್ನು ಅಂದು ಗೌರಕ್ಕನೆದುರು ಬಾಯಿಬಿಟ್ಟು ಕೇಳಿದ್ದರೆ ಅವರು ಒಪ್ಪುತ್ತಿದ್ದರೇನೋ. ಹೊಸ ತಂಡ ಬಂದಾಗಲೆಲ್ಲ ನನ್ನನ್ನು ನೆಲಕ್ಕಿಟ್ಟು ಕೋಲಿನಿಂದ ಬಾರಿಸಿ ತೋರಿಸುತ್ತಾಳೆ. ಆಮೇಲೆ ಅದೇ ಕಥೆ: “ಹಿಂದಕ ಒಬ್ಬಾಕಿ ನನಗ ಮೆದು ಮಣ್ಣ ಕೊಟ್ಟು ಮೋಸ ಮಾಡಿದ್ಲು.” ಹತ್ತು ವರ್ಷ ಆ ಕೋಲಿನ ಏಟು ತಿಂದಿದ್ದೇನೆ. ಏಟು ನೋಯುವುದಿಲ್ಲ. ಕಥೆ ನೋಯುತ್ತದೆ.

ಈ ವರ್ಷದ ತಂಡದಲ್ಲಿ ಶಮೀನಾ ಅಂತ ಒಬ್ಬ ಹುಡುಗಿ. ಎಲ್ಲರ ಕೈ ಸುತ್ತಿ ನಾನು ಅವಳ ಕೈಗೆ ಹೋದಾಗ ತಿರುಗಿಸಿ ತಿರುಗಿಸಿ ನೋಡಿದಳು.

“ಟೀಚರ್, ಬಿರಸ ಮಣ್ಣಿನಾಗ ಬೆರಳ ಮೂಡಂಗಿಲ್ಲ ಅಂದ್ರಿ. ಇದರಾಗ ಹೆಬ್ಬಟ್ಟ ಐತಲ್ರಿ?”

“ಜೋರ ಒತ್ತಿದ್ರ ಮೂಡತೈತಿ.”

“ಮೆದು ಮಣ್ಣಾದ್ರ ಜೋರ ಬ್ಯಾಡ ಅಲ್ರಿ? ಹಂಗಾರ ಮುಟ್ಟಿದ ಕೂಡಲೇ ತಿಳದಬಿಡತೈತಲ್ರಿ ಟೀಚರ್. ಆಕಿ ನಿಮಗ ಮೋಸ ಹೆಂಗ ಮಾಡಿದ್ಲು?”

ಹುಡುಗಿ ತಿಳಿಯದೆ ಕೇಳಿದ್ದು. ಕಸ್ತೂರಿ ಗಡಿಯಾರ ನೋಡಿ, ಊಟಕ್ಕೆ ಹೊತ್ತಾಯಿತು ಅಂದಳು.

ಎಲ್ಲರೂ ಹೋದ ಮೇಲೆ ಪಾಲಿಶ್ ಕಾಗದ ತೆಗೆದು ನನ್ನ ಬೆನ್ನನ್ನು ಉಜ್ಜತೊಡಗಿದಳು. ಅಂದು ಉಳಿಸಿದ್ದ ಕೆಲಸ. ಆದರೆ ಅವಳೇ ಬೆವರು ಸುರಿಸಿ ಬಿಗಿ ಮಾಡಿದ ಮೈ ಇದು, ಬೇಗ ಸವೆಯುವುದಿಲ್ಲ. ಅರ್ಧ ಗೆರೆ ಹೋಗುವಷ್ಟರಲ್ಲಿ ಅಂದು ಬಾತಿದ್ದ ಅವಳ ಮಣಿಕಟ್ಟು ಮತ್ತೆ ಸೋತಿತು. ಎಡಗೈಯಿಂದ ಬಲಗೈಯನ್ನು ನೀವಿಕೊಂಡಳು. ಆಮೇಲೆ ತನ್ನ ಹೆಬ್ಬೆರಳನ್ನು ಉಳಿದ ಗೆರೆಗಳ ಮೇಲಿಟ್ಟಳು. ಹತ್ತು ವರ್ಷದ ಮೇಲೂ ಅದು ಸರಿಯಾಗಿ ಕೂತಿತು.

ಈಗ ನಾನು ಅವಳ ಮೇಜಿನ ಕೆಳಗಿನ ಖಾನೆಯಲ್ಲಿದ್ದೇನೆ, ತುಂಡು ದಾರ, ಮೊಂಡು ಸೂಜಿಗಳ ಜೊತೆ. ತರಗತಿಗೆ ಹೊಸ ಮಾದರಿ ಮಣಿ ಬಂದಿದೆ, ನುಣುಪಾಗಿ ಉಜ್ಜಿದ್ದು, ಬೆನ್ನಿನ ಮೇಲೆ ಯಾರ ಗುರುತೂ ಇಲ್ಲದ್ದು. ಮಂದಾಕಿನಿ ಎಲ್ಲಿದ್ದಾಳೋ ನನಗೆ ತಿಳಿಯದು. ಅವಳಿಗೆ ಒಂದು ಮಾತು ಮುಟ್ಟಿಸುವಂತಿದ್ದರೆ ಇಷ್ಟೇ ಹೇಳುತ್ತಿದ್ದೆ: ಅರ್ಧ ಹೆಬ್ಬೆಟ್ಟು ಇನ್ನೂ ಉಳಿದಿದೆ.