ಅಲುಗಾಡಿಸಿ ನೋಡುವ ಮಂಜುಷಾಬಾಯಿ

ಮಂಜುಷಾಬಾಯಿಯವರು ಯಾರ ಮನೆಗೆ ಹೋದರೂ ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡದೆ ಕೂತವರಲ್ಲ. ಅದರ ಬೆನ್ನನ್ನು ಎರಡೂ ಕೈಯಿಂದ ಹಿಡಿದು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಜಗ್ಗಿ, ಕಾಲುಗಳ ಸಂದಿಯಿಂದ ಕಿರ್ರೆನ್ನುವ ಸದ್ದೇನಾದರೂ ಬಂತೆ ಎಂದು ಆಲಿಸಿ, ಆಮೇಲೆಯೇ, ಅದೂ ಅಂಚಿನ ಮೇಲೆ, ಆಸೀನರಾಗುವರು. ಚಹಾ ತಂದ ಗೃಹಿಣಿಯ ಮುಖ ಗಂಟಿಕ್ಕಿದ್ದು ಅವರ ಗಮನಕ್ಕೆ ಬರುವುದಿಲ್ಲ. ದಾರಿಯಲ್ಲಿ ನಡೆಯುವಾಗಲೂ ಅವರ ದೃಷ್ಟಿ ನೆಲದ ಮೇಲಿರದೆ ಅಂಗಡಿಗಳ ಬೋರ್ಡು, ಬಾಲ್ಕನಿಯ ಕಂಬಿ, ತಲೆಯ ಮೇಲೆ ಜೋತುಬಿದ್ದ ತಗಡು ಇವುಗಳ ಮೇಲೆಯೇ ಹರಿದಾಡುತ್ತದೆ. ಅದರಿಂದ ನಡಿಗೆಗೆ ಒಂದು ಬಗೆಯ ತಡವರಿಕೆ ಬಂದುಬಿಟ್ಟಿದೆ.

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಸಂಜೆ ಮಾಳಿಗೆಯ ಮೇಲಿನ ತಗಡಿನ ಶೆಡ್ಡಿನಲ್ಲಿ, ಸೀರೆಯ ಮೇಲೆ ತಾವೇ ಹೊಲಿದುಕೊಂಡ ನೀಲಿ ಕೋಟು ತೊಟ್ಟು, ಕಟ್ಟಿಗೆ ಕೆಲಸದಲ್ಲಿ ತಲ್ಲೀನರಾಗುತ್ತಾರೆ. ನೆರೆಹೊರೆಯ ಜೋತ ಬಾಗಿಲುಗಳೂ ಮುರಿದ ಸ್ಟೂಲುಗಳೂ ಅವರ ಕೈಯಲ್ಲಿ ಎಷ್ಟೋ ಸಲ ಮರುಜನ್ಮ ಪಡೆದಿವೆ. ಕೆಲಸ ಮುಗಿದಾಗಲೆಲ್ಲ ಅವರು ತಮಗೆ ತಾವೇ ಕೇಳಿಕೊಳ್ಳುವ ಮಾತೊಂದಿತ್ತು: "ಗಟ್ಟಿ ಅದ ಅಲ್ಲಾ?" ಉತ್ತರಕ್ಕೆ ಕಾಯದೆ ಮತ್ತೊಂದು ಸುತ್ತು ಬಿಗಿಯುತ್ತಿದ್ದರು.

ಹೋದ ವರ್ಷ ಸೇಡಂ ರಸ್ತೆಯಲ್ಲಿ ಸ್ಕೂಟರು ಜಾರಿ ಅವರ ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಪ್ಲಾಸ್ಟರು ಹೋಯಿತು, ಆದರೆ ಹಿಡಿತದ ಬಲ ಮಾತ್ರ ಮೊದಲಿನಂತೆ ಮರಳಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ನನಗೆ ತಿಳಿದದ್ದು ಕಮಲಾಪುರದಿಂದ ಮರಳುವ ದಾರಿಯಲ್ಲಿ.

ಕಮಲಾಪುರದಲ್ಲಿ ಅವರ ಕಾಕು, ಅಂದರೆ ಚಿಕ್ಕಮ್ಮ, ಪಾರ್ವತೀಬಾಯಿ ಮಗ ಹಣಮಂತನೊಂದಿಗೆ ಇದ್ದಾರೆ. ತಾಯಿಯಿಲ್ಲದ ಮಂಜುಷಾಳನ್ನು ಬೆಳೆಸಿದವರು ಈ ಕಾಕುವೇ. ಮಳೆಗಾಲದ ಒಂದು ಬೆಳಗ್ಗೆ ಪಡಸಾಲೆಯಿಂದ ಬಚ್ಚಲಿಗೆ ಇಳಿಯುವ ಮೆಟ್ಟಿಲ ಮೇಲೆ ಆಕೆ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಕಲಬುರಗಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅವರು ಮನೆಗೆ ಮರಳುವಷ್ಟರಲ್ಲಿ ಮೆಟ್ಟಿಲ ಪಕ್ಕಕ್ಕೆ ಆಧಾರವೊಂದು ಬೇಕೇ ಬೇಕೆಂದು ಮಂಜುಷಾಬಾಯಿ ತೇಗದ ಹಿಡಿಗಟ್ಟಿಗೆಯೊಂದನ್ನು ನುಣುಪಾಗಿ ಕೆತ್ತಿದರು. ಅದನ್ನು ಪಡಸಾಲೆಯ ಕಂಬಕ್ಕೂ ಬಚ್ಚಲಿನ ಚೌಕಟ್ಟಿಗೂ ಸ್ಕ್ರೂ ಹಾಕಿ ಕೂರಿಸಲು ನನ್ನ ಕಾರಿನಲ್ಲಿಯೇ ಹೋದೆವು. ಹಳೆಯ ಕಂಬ, ಕಲ್ಲಿನಂಥ ಕಟ್ಟಿಗೆ. ಬೆವರೊರೆಸಿಕೊಂಡು "ಆಯ್ತು" ಎಂದರು. ಹಣಮಂತ ಸಂತೋಷದಿಂದ ಕೆಂಪು ಬಾಳೆಯ ಗೊನೆಯನ್ನು ಕಾರಿನಲ್ಲಿಟ್ಟ.

ಅರ್ಧ ದಾರಿಗೆ ಬಂದಾಗ ಅವರು ಇದ್ದಕ್ಕಿದ್ದಂತೆ, "ಸರ್, ಗಾಡಿ ನಿಂದರಸ್ರಿ" ಎಂದರು.

"ಯಾಕ್ರಿ, ಏನಾತು?"

"ಸ್ಕ್ರೂ ಪೂರಾ ಕೂತಿಲ್ರಿ. ಕಡೀ ಸುತ್ತು ಕೈಲೆ ಆಗಲಿಲ್ಲ. ಹಣಮಂತ ಬಾಜೂಕ ನಿಂತಿದ್ದ, ಆಯ್ತು ಅಂದುಬಿಟ್ಟೆ."

ಮುಖ ಬಿಳುಪೇರಿತ್ತು. ಅಲ್ಲಿಂದಲೇ ಹಣಮಂತನಿಗೆ ಫೋನು ಮಾಡಿ, ಯಾರೂ ಆ ಕಟ್ಟಿಗೆ ಹಿಡಿಯಬಾರದು, ಅದಕ್ಕೊಂದು ಕೆಂಪು ಬಟ್ಟೆ ಕಟ್ಟು ಎಂದು ಹೇಳಿದರು. ಕಟ್ಟಿದ ಮೇಲೆ ಮತ್ತೆ ಫೋನು ಮಾಡಿ ಖಾತ್ರಿ ಮಾಡಿಕೊಂಡರು.

"ಅಲ್ಲೇ ಒಬ್ಬ ಬಡಿಗ್ಯಾಗ ಕರದರ ಆಗ್ತದಲ್ರಿ?" ಎಂದೆ.

"ಅಂವ ಬಿಗೀತಾನ್ರಿ, ಖರೆ. ಆದ್ರ ಈ ಕೈ ಇನ್ನ ಮುಗೀತು ಅಂತ ನಾನಽ ಒಪ್ಪಿಕೊಂಡಂಗ ಆಗ್ತದ." ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು.

ಮರುದಿನ ಮೋಮಿನಪುರದ ಝಹೀರನ ಹತ್ಯಾರಿನ, ಅಂದರೆ ಕೆಲಸದ ಉಪಕರಣಗಳ, ಅಂಗಡಿಯಲ್ಲಿ ನಾವಿದ್ದೆವು. ಅವರ ಕೋಟಿನ ಜೇಬಿನಲ್ಲಿ ಅದೇ ತೇಗದಲ್ಲಿ ಮಿಕ್ಕ ತುಂಡು, ಅಂಥವೇ ಸ್ಕ್ರೂಗಳು. ಸ್ಕ್ರೂ ಬಿಗಿಯುವ ಬ್ಯಾಟರಿಯ ಇಂಪ್ಯಾಕ್ಟ್ ಡ್ರೈವರು ಬೇಕೆಂದಾಗ ಝಹೀರ್ ನನ್ನ ಕಡೆ ತಿರುಗಿ, "ಯಾವ ಕೆಲಸಕ್ಕ ಬೇಕ್ರಿ ಸಾಬ್?" ಎಂದ.

"ಅವರಿಗೆ ಕೇಳ್ರಿ," ಎಂದೆ.

ಮೊದಲು ಸಾಮಾನ್ಯ ಡ್ರಿಲ್ಲು ಹಿಡಿದು ನೋಡಿದರು. ಸ್ಕ್ರೂ ಕಟ್ಟಿಗೆಯೊಳಗೆ ಬಿಗಿಯಾದೊಡನೆ ಯಂತ್ರ ತಾನೇ ತಿರುಗಹತ್ತಿ ಮಣಿಕಟ್ಟನ್ನು ತಿರುಚಿತು. ಅವರು ತುಟಿ ಕಚ್ಚಿ ಅದನ್ನು ಕೆಳಗಿಟ್ಟರು. ಇಂಪ್ಯಾಕ್ಟ್ ಡ್ರೈವರಿನ ರೀತಿ ಬೇರೆ. ಬಿಗಿ ಬಂದಾಗ ಒಳಗಿನ ಪುಟ್ಟ ಸುತ್ತಿಗೆ ಟರ್ರೆಂದು ಹೊಡೆಯುತ್ತ ಸ್ಕ್ರೂವನ್ನು ತಿರುಗಿಸುತ್ತದೆ. ಹೊಡೆತವೆಲ್ಲ ಸ್ಕ್ರೂವಿಗೆ, ಕೈಗೆ ಬರುವುದು ಒಂದು ಸಣ್ಣ ಕಂಪನ. ಆ ಕಂಪನವನ್ನು ಅವರು ಕಣ್ಣುಮುಚ್ಚಿ ಅನುಭವಿಸಿದರು.

"ಇದು ಬ್ಯಾಡ, ಆ ದೊಡ್ಡದು ತೊಗೊಳ್ರಿ ಮೇಡಂ," ಎಂದ ಝಹೀರ್. "ತಾಕತ್ ಜ್ಯಾದಾ ಅದ."

"ಅದರ ತಾಕತ್ತು ಹಿಡಿಯೋ ತಾಕತ್ತು ನನಗ ಬೇಕಲ್ಲೋ?"

ದೊಡ್ಡದನ್ನು ತೋಳು ಚಾಚಿ ಹಿಡಿದಾಗ ಮಣಿಕಟ್ಟು ಭಾರಕ್ಕೆ ಬಾಗಿತು. ಸಣ್ಣದರ ಮೂತಿ ಗಿಡ್ಡ, ಇಕ್ಕಟ್ಟಿನ ಮೂಲೆಗೂ ಹೋಗುತ್ತದೆ. ಮೆಲ್ಲಗೆ ನಡೆಸುವ ಗುಂಡಿಯೂ ಇದೆ. ಆದರೂ ನಿರ್ಧಾರ ಮುಗಿಯದು. ಬ್ಯಾಟರಿ ಊರಲ್ಲಿ ಸಿಗುತ್ತದೆಯೆ? ನಡುವೆಯೇ ನಿಂತರೆ? ಬಲ ಕಡಿಮೆಯಾದರೆ? ಹೆಚ್ಚಾಗಿ ಸ್ಕ್ರೂವೇ ಮುರಿದರೆ? ಹೊರಗೆ ಬಂದರು, ಬೀದಿ ದಾಟಿದರು, ಮತ್ತೆ ಒಳಹೊಕ್ಕು ಅದನ್ನೇ ಎತ್ತಿ ಹಿಡಿದರು. ಝಹೀರ್ ಚಹಾ ತರಿಸಿದ. ಕೊನೆಗೆ ಸಣ್ಣದನ್ನೇ, ಇನ್ನೊಂದು ಬ್ಯಾಟರಿಯ ಸಮೇತ, ಎದೆಗವಚಿಕೊಂಡು ಕಾರು ಹತ್ತಿದರು.

ಕಾಕು ಮನೆಗೆ ಬರುವ ದಿನ ಬೆಳಗ್ಗೆಯೇ ಕಮಲಾಪುರ ಸೇರಿದೆವು. ಅವರು ಹೆದರಿದ್ದದ್ದೇ ಆಯಿತು. ಆತುರದಲ್ಲಿ ಗುಂಡಿಯನ್ನು ಪೂರ್ತಿ ಒತ್ತಿದ್ದೇ ತಡ, ಮೊದಲ ಸ್ಕ್ರೂವಿನ ತಲೆ ಕಿತ್ತು ಟಣ್ಣೆಂದು ಹಾರಿತು. ಹಣಮಂತ ಗಾಬರಿಯಾಗಿ, "ಅಕ್ಕಾ, ಆ್ಯಂಬುಲೆನ್ಸ್ ಹೊಂಟದಂತ. ಬಿಡು ಇನ್ನ, ನಾನು ಎತ್ತಿಕೊಂಡೇ ಇಳಸ್ತೀನಿ," ಎಂದ. ಮಂಜುಷಾಬಾಯಿ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಕಣ್ಣಲ್ಲಿ ನೀರು ಕಂಡದ್ದು ಅಂದೇ. ಬಳಿಕ ಎದ್ದು, ಮುರಿದ ಸ್ಕ್ರೂವನ್ನು ಅಲ್ಲೇ ಬಿಟ್ಟು, ಅದರ ಪಕ್ಕದಲ್ಲಿ ಸಣ್ಣ ತೂತು ಕೊರೆದು, ಹೊಸ ಸ್ಕ್ರೂವಿನ ಸುರುಳಿಗೆರೆಗಳಿಗೆ ಸಾಬೂನು ಸವರಿ, ಈ ಸಲ ಮಗುವಿಗೆ ಹಾಲು ಕುಡಿಸುವವರಂತೆ ಮೆಲ್ಲಮೆಲ್ಲನೆ ಗುಂಡಿ ಒತ್ತಿದರು. ಕರ್ಕಶ ಸದ್ದಿಗೆ ಹಿತ್ತಿಲ ಕಾಗೆಗಳು ಹಾರಿದವು. ಒಂದಾದ ಮೇಲೊಂದು ಸ್ಕ್ರೂಗಳು ಕಟ್ಟಿಗೆಯೊಳಗೆ ತಲೆ ಹುದುಗಿಸಿ ಕೂತವು. ತಾವು ಜೋತುಬಿದ್ದು ನೋಡಿದರು. ನನ್ನನ್ನೂ ಹಣಮಂತನನ್ನೂ ಜೋತುಬೀಳಿಸಿದರು. ಆಮೇಲೆಯೇ ಕೆಂಪು ಬಟ್ಟೆ ಬಿಚ್ಚಿದರು.

ಪಾರ್ವತೀಬಾಯಿಯವರು ವಾಕರು ಹಿಡಿದು ಬಚ್ಚಲಿಗೆ ಹೊರಟಾಗ ಹೊಸ ಆಧಾರದ ಕಡೆ ನೋಡಲೂ ಇಲ್ಲ. ಮೆಟ್ಟಿಲ ಬಳಿ ವಾಕರು ಬಿಟ್ಟು ಅಭ್ಯಾಸಬಲದಿಂದ ಮಂಜುಷಾಳ ಹೆಗಲಿಗೆ ಕೈ ಹಾಕಿದರು. ಎರಡನೆಯ ಮೆಟ್ಟಿಲಲ್ಲಿ ಕಾಲು ಸೋತಿತು. ಆಕೆಯ ಇಡೀ ಭಾರ ಒಮ್ಮೆಲೇ ಬಂದು, ಮಂಜುಷಾಬಾಯಿಯವರ ಬಲಗೈ ಜಾರಿತು. ನಾನು ಮುಂದೆ ಧಾವಿಸುವಷ್ಟರಲ್ಲಿ ಕಾಕುವಿನ ಇನ್ನೊಂದು ಕೈ ತೇಗದ ಕಟ್ಟಿಗೆಯನ್ನು ಹಿಡಿದಿತ್ತು. ಅದು ಮಿಸುಕಲಿಲ್ಲ.

ಎಲ್ಲರೂ ಉಸಿರು ಬಿಟ್ಟರು, ಒಬ್ಬರ ಹೊರತು. ಮಂಜುಷಾಬಾಯಿಯವರ ಕಣ್ಣು ಸ್ಕ್ರೂಗಳ ಮೇಲೇ ನೆಟ್ಟಿತ್ತು.

"ಯಾಕ ಮಾರಿ ಸಣ್ಣ ಮಾಡ್ಕೊಂಡೀಯ?" ಎಂದು ಕಾಕು ಗದರಿದರು. "ನಾ ಬಿದ್ದಿಲ್ಲಲ್ಲ?"

"ಇಲ್ಲ ಕಾಕು," ಎಂದರು ಅವರು. "ನೀ ಬಿದ್ದಿಲ್ಲ."

ಇಂಥವರು ಹೆಚ್ಚು ಕಡಿಮೆ ಪ್ರತಿ ಮನೆತನದಲ್ಲೂ ಒಬ್ಬರಿರುತ್ತಾರೆ. ಅವರನ್ನು ನಾವು ಸಂಶಯದ ಪ್ರಾಣಿಯೆಂದು ನಗುತ್ತೇವೆ, ಪ್ರಯಾಣಕ್ಕೆ ಜೊತೆಗೆ ಕರೆದೊಯ್ಯಲು ಹಿಂಜರಿಯುತ್ತೇವೆ. ಅವರಿಗೆ ನೆಮ್ಮದಿಯೆಂಬುದು ಒಂದು ಗಳಿಗೆಯೂ ಪೂರ್ತಿ ದಕ್ಕುವುದಿಲ್ಲ. ಒಂದು ಆತಂಕ ಮುಗಿದಲ್ಲಿ ಮತ್ತೊಂದು ಹುಟ್ಟಿರುತ್ತದೆ. ಬಿದ್ದದ್ದು, ಮುರಿದದ್ದು, ಸುಟ್ಟದ್ದನ್ನೆಲ್ಲ ನಾವು ವರ್ಷಗಟ್ಟಲೆ ಹೇಳಿಕೊಳ್ಳುತ್ತೇವೆ. ಬೀಳದೆ ಉಳಿದದ್ದರ ಕಥೆಯನ್ನು ಯಾರೂ ಹೇಳುವುದಿಲ್ಲ, ಅದು ಘಟಿಸಿಯೇ ಇರುವುದಿಲ್ಲವಲ್ಲ. ಆ ಘಟಿಸದ ಅನಾಹುತಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲೇ ಅನುಭವಿಸಿ ಬಳಲಿದವರು ಇವರೊಬ್ಬರೇ. ಅವರ ಭಯದ ಆಶ್ರಯದಲ್ಲಿಯೇ ನಾವು ಉಳಿದವರು ನಿರ್ಭಯವಾಗಿ ಮೆಟ್ಟಿಲು ಇಳಿಯುತ್ತಿರುತ್ತೇವೆ.