ಪಿಸುಮಾತಿನ ಮನೆ

ಚನ್ನಾಜಮ್ಮನಿಗೆ ಸುಮ್ಮನಿರಲು ಬರುವುದಿಲ್ಲ ಎಂಬುದು ನಂಜನಗೂಡಿನಲ್ಲಿ ಅರ್ಧ ಊರಿಗೆ ಗೊತ್ತಿತ್ತು. ವಾಸಿಯಾಗದ ಕಾಯಿಲೆಯವರ ಮನೆಗೆ ಹೋಗಿ ಜೊತೆಗಿರುವ ಸ್ವಯಂಸೇವಕರ ಗುಂಪಿಗೆ ಅವಳು ಸೇರಿದಾಗ ಗಂಡನೇ ನಕ್ಕುಬಿಟ್ಟ. ತರಬೇತಿ ಕೊಟ್ಟ ನರ್ಸ್ ಕೂಡ ಅವಳನ್ನೇ ನೋಡಿಕೊಂಡು, "ನಾವು ಹೋಗೋದು ಮಾತಾಡೋಕಲ್ಲ, ಕೇಳಿಸ್ಕೊಳ್ಳೋಕೆ" ಎಂದಿದ್ದರು.

ಮೊದಲು ಸಿಕ್ಕಿದ್ದು ಚಿಕ್ಕಯ್ಯನಛತ್ರದಲ್ಲಿ ಜವಳಿ ಅಂಗಡಿ ಇಟ್ಟಿದ್ದ ಶಂಭುಲಿಂಗಪ್ಪನವರ ಮನೆ. ಶ್ವಾಸಕೋಶದ ಕ್ಯಾನ್ಸರ್. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಅವರ ಹೆಂಡತಿ ಸಿದ್ದಲಿಂಗಮ್ಮ ಬಾಗಿಲಲ್ಲೇ ಪಿಸುಗುಟ್ಟಿದರು: "ಅವ್ರಿಗೆ ಏನೂ ಗೊತ್ತಿಲ್ಲ ಕಣವ್ವ. ಬರೀ ಕೆಮ್ಮು ಅಂದಿದ್ದೀವಿ. ನೀನೂ ಬಾಯಿಬಿಡಬ್ಯಾಡ."

ಒಳಗೆ ಶಂಭುಲಿಂಗಪ್ಪ ದಿಂಬಿಗೊರಗಿ ಕೂತಿದ್ದರು. ಪಕ್ಕದಲ್ಲಿ ಆರಿಹೋದ ಗಂಜಿ. ಚನ್ನಾಜಮ್ಮ ತುಟಿ ಬಿಗಿದು ಕೂತಳು.

"ಯಾಕವ್ವ, ನಿನಗೂ ಗಂಟಲು ಕಟ್ಯದಾ? ಈ ಮನೇಲಿ ಎಲ್ರೂ ಪಿಸಪಿಸ ಅಂತಾರೆ. ಏನಾದ್ರೂ ಜೋರಾಗಿ ಮಾತಾಡು" ಎಂದರು ಅವರು.

ಅಷ್ಟು ಸಾಕಾಯಿತು. ಪಡೆದ ತರಬೇತಿ ಕಪಿಲೆ ಹೊಳೆಯ ಪಾಲಾಯಿತು. ಬಸ್ಸಿನಲ್ಲಿ ಯಾರದೋ ಹುಂಜ ತಪ್ಪಿಸಿಕೊಂಡು ಕಂಡಕ್ಟರನ ತಲೆಯೇರಿದ್ದು, ಬೀಗರೂಟದಲ್ಲಿ ಒಬ್ಬಟ್ಟು ಸಾಲದೆ ಬೀಗಿತ್ತಿ ಮುನಿಸಿಕೊಂಡು ಹೊರಟದ್ದು, ಎಲ್ಲವನ್ನೂ ಹೇಳಿದಳು. ಶಂಭುಲಿಂಗಪ್ಪ ಕೆಮ್ಮುತ್ತ ಕೆಮ್ಮುತ್ತಲೇ ನಕ್ಕರು.

ಹೀಗೇ ಕೆಲವು ವಾರ ಹೋದ ಮೇಲೆ ಒಂದು ಮಧ್ಯಾಹ್ನ ಅವರು, "ನಂಗೇನಾಗ್ಯದೆ ಅಂತ ನಂಗೊತ್ತು ಕಣವ್ವ. ಕ್ಯಾನ್ಸರ್ ಆಸ್ಪತ್ರೆ ಬೋರ್ಡು ಓದೋಕೆ ಬರದವನಾ ನಾನು? ಇವಳು ಹೆದರ್ತಾಳೆ ಅಂತ ಸುಮ್ಮನಿದ್ದೀನಿ. ನೀನೇ ಅವಳಿಗೆ ಹೇಳಿಬಿಡು" ಎಂದರು.

ಚನ್ನಾಜಮ್ಮ ಎದ್ದು ನಿಂತಳು. "ಇದು ನಾನು ಆಡೋ ಮಾತಲ್ಲ ಅಣ್ಣೋರೆ. ಅಕ್ಕನ್ನ ಕರೀತೀನಿ."

ಸಿದ್ದಲಿಂಗಮ್ಮ ಒದ್ದೆ ಕೈಯಲ್ಲೇ ಬಂದರು. "ಇದು ಕೆಮ್ಮಲ್ಲ ಅಂತ ನಂಗೊತ್ತು ಕಣೇ" ಎಂದರು ಗಂಡ. ಸಿದ್ದಲಿಂಗಮ್ಮ ಮಂಚದ ಪಕ್ಕ ಕುಸಿದು ಬಹಳ ಹೊತ್ತು ಅತ್ತರು. ಆಮೇಲೆ ಮೂಗೊರೆಸಿಕೊಂಡು, "ಮತ್ತೆ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕಂಡು ಅಳ್ತಿದ್ದುದು?" ಎಂದು ಕೇಳಿದರು.

"ಕೇಳಿಸ್ತಿತ್ತು. ಎಷ್ಟು ನೀರು ದಂಡ."

ಸಿದ್ದಲಿಂಗಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಶಂಭುಲಿಂಗಪ್ಪನವರಿಗೂ ಧೈರ್ಯ ಬಂದಂತಾಯಿತು. "ನನ್ನನ್ನ ನಮ್ಮ ತೋಟದ ಬಾವಿ ಪಕ್ಕ ಮಣ್ಣು ಮಾಡಿ. ಅಪ್ಪನ ಪಕ್ಕ ಬ್ಯಾಡ, ಅಲ್ಲೂ ಬೈತಾನೆ. ಇನ್ನೊಂದು, ಈ ಗಂಜಿ ಸಾಕು. ಮೆಣಸಿನಕಾಯಿ ಬಜ್ಜಿ ಮಾಡು."

ಇಷ್ಟಪಟ್ಟದ್ದು ತಿನ್ನಲಿ ಎಂದು ನರ್ಸ್ ಮೊದಲೇ ಹೇಳಿದ್ದರು. ಶಂಭುಲಿಂಗಪ್ಪ ತಿಂದದ್ದು ಅರ್ಧ ಬಜ್ಜಿ. ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, "ಚೆನ್ನಾಗದೆ" ಎಂದರು.

ಕಾರ್ತಿಕದಲ್ಲಿ ಶಂಭುಲಿಂಗಪ್ಪ ತೀರಿಕೊಂಡರು. ಹೆಂಡತಿಯ ಕೈ ಅವರ ಕೈಯಲ್ಲಿತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ಚನ್ನಾಜಮ್ಮ ಮತ್ತೆ ಹೋಗಿ, ತಿಂಗಳುಗಟ್ಟಲೆ ಹೊಸ್ತಿಲು ದಾಟದ ಸಿದ್ದಲಿಂಗಮ್ಮನನ್ನು ನರಸೀಪುರದ ಬಸ್ಸು ಹತ್ತಿಸಿದಳು. ಅಲ್ಲಿ ಇಬ್ಬರೂ ಕಾವೇರಿ-ಕಪಿಲೆ ಸಂಗಮದ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗಿಳಿಬಿಟ್ಟರು.

"ಮದುವೆ ಹೊಸದರಲ್ಲಿ ಇಲ್ಲಿಗೇ ಕರ್ಕೊಂಡು ಬಂದಿದ್ರು" ಎಂದರು ಸಿದ್ದಲಿಂಗಮ್ಮ. "ಇಬ್ರ ಚಪ್ಪಲೀನೂ ಯಾರೋ ಹೊತ್ಕೊಂಡೋದ್ರು. ಬರಿಗಾಲಲ್ಲೇ ಮನೆಗೋದ್ವಿ. ದಾರಿಯುದ್ದಕ್ಕೂ ನನ್ನೇ ಬೈದ್ರು, ಕಣವ್ವ."

ಹೇಳುತ್ತ ಹೇಳುತ್ತ ನಗತೊಡಗಿದರು.