ಆಳುದ್ದ

“ಏ ಗಿಡ್ಡಿ, ಅಗೀತಿಯೋ, ಮಣ್ಣಿಗಿ ಕಚಗುಳಿ ಇಡ್ತಿಯೋ?”

ಕೇಳಿದವನು ಕೂಲಿಯವರ ಮೇಲಿನ ಮುಕಾದಮ ಧರ್ಮಣ್ಣ, ಗುಂಡಿಯೊಳಗಿದ್ದವಳು ಹುಲಿಗೆವ್ವ. ನಡೆದ ಕಥೆಯೇ ಇದು. ನಂಬದವರು ಪುಣೆಯ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕೂತು ಯೋಚಿಸಲಿ, ಪುರುಸೊತ್ತು ಬೇಕಾದಷ್ಟಿರುತ್ತದೆ.

ಅಲ್ಲಿ ಏಳಲಿದ್ದ ಕಟ್ಟಡವೊಂದಕ್ಕೆ, ಜೆಸಿಬಿ ಹೊಗದ ಮೂಲೆಯಲ್ಲಿ ಪಾಯದ ಗುಂಡಿಗಳನ್ನು ಹೆಂಗಸರು ಕೈಯಲ್ಲೇ ತೋಡುತ್ತಿದ್ದರು. ಮೀಟರಿನ ಟೇಪು ಇಂಜಿನಿಯರನ ಕಿಸೆಯಲ್ಲಿರುತ್ತಿತ್ತು. ಗುಂಡಿಗೆ ಧರ್ಮಣ್ಣನ ಕಾನೂನು: ಆಳುದ್ದ ಇಳಿಯದೆ ಯಾರೂ ಮೇಲೆ ಬರುವಂತಿಲ್ಲ. ಆಚೆ ತಗಡಿನ ನೆರಳಲ್ಲಿ, ಮುದುಕಿ ಯಮನವ್ವನ ತೊಡೆಯ ಮೇಲೆ ಹುಲಿಗೆವ್ವನ ಕೂಸು ಹಸಿದು ಕಿರುಚುತ್ತಿತ್ತು. ಗುಂಡಿಯೊಳಗೆ ಇವಳ ಕುಪ್ಪಸ ಹಾಲಿಗೆ ತೊಯ್ದು, ಮಣ್ಣು ಮೆತ್ತಿ, ಎದೆ ಕಲ್ಲಾಗಿತ್ತು.

“ಯಣ್ಣಾ, ನನ್ನ ನೆತ್ತಿ ಮುಳುಗೇದ ನೋಡ್ರಿ. ಕೂಸಿಗಿ ಒಂದೀಟು ಕುಡಿಸಿ ಬರ್ತೀನಿ.”

“ನಿನ್ನ ನೆತ್ತಿ ಯಾವ ಲೆಕ್ಕಲೇ? ಆಳು ಅಂದ್ರ ಗಂಡಾಳು. ಏ ಬಾಳು, ಇಳೀಲೇ!”

ಕೂಲಿಯವನೇ ಆದ ಬಾಳು ಬಾಗಿಲು ಕಂಡಲ್ಲೆಲ್ಲ ಬಗ್ಗುವ ಆಸಾಮಿ. ಇಳಿದು ನಿಂತರೆ ಭುಜ ಮೇಲೆಯೇ ಉಳಿಯಿತು. ಧರ್ಮಣ್ಣ ಹೆಣ್ಣುದನಿ ತೆಗೆದು, “ಮುಳುಗೇದ್ರೆಣ್ಣಾ, ಮುಳುಗೇದ್ರೀ” ಎಂದು ಅಣಕಿಸಿದ. ಗಂಡಸರು ನಕ್ಕರು. ಬಾಳು ಯಾರ ಮುಖವನ್ನೂ ನೋಡದೆ ಮೇಲೆ ಹತ್ತಿದ.

“ಭಾಡ್ಯಾ,” ಎಂದು ಧರ್ಮಣ್ಣನತ್ತ ಹಲ್ಲು ಕಚ್ಚಿ ಹುಲಿಗೆವ್ವ ಮತ್ತೆ ಗುದ್ದಲಿ ಬೀಸಿದಳು.

ಕಾಂಕ್ರೀಟಿನ ಗಾಡಿ ಬಂತು. ಹಿಂದೆಯೇ ಮೈಸೂರು ಕಡೆಯ ಇಂಜಿನಿಯರ್ ಶ್ರೀನಾಥ್ ಬಂದು ಟೇಪು ಇಳಿಬಿಟ್ಟ.

“ಏನ್ರೀ ಇದು? ಒಂದ್ ಗೇಣು ಜಾಸ್ತೀನೇ ಅಗೆದಿದ್ದೀರಲ್ಲ!”

“ಅಳತಿ ಆಗಲೇ ಆಗಿತ್ರಿ ಸಾಹೇಬ್ರ,” ಎಂದ ಧರ್ಮಣ್ಣ. “ಸುಮ್ನ ಈಕೀದೊಂದೀಟು ಮಜಾ ತಗೊಂಡ್ವಿ.”

ಶ್ರೀನಾಥನೂ ನಕ್ಕ. “ಆದ್ರೂ ಆಳುದ್ದ ಅನ್ನೋದು ಒಳ್ಳೆ ನ್ಯಾಚುರಲ್ ಯೂನಿಟ್ಟು ಕಣ್ರೀ. ಮೀಟರ್ ಯಾರೋ ಫಾರಿನ್ನೋರು ಮಾಡಿದ್ದು, ಇದು ದೇವ್ರು ಕೊಟ್ಟಿದ್ದು. ಸರಿ, ಮೇಲ್ ಬಾಮ್ಮ, ಗಾಡಿ ಕಾಯ್ತಿದೆ.”

ಹುಲಿಗೆವ್ವ ಗುದ್ದಲಿ ಎಸೆದು, ಗುಂಡಿಯ ತಳದಲ್ಲಿ ಕಾಲು ಚಾಚಿ ಕೂತಳು.

“ಯಮನವ್ವತ್ತೀ, ಕೂಸಿನ್ನ ಇಲ್ಲೇ ಕೊಡಬೇ.”

ಮುದುಕಿಯ ಕೈ ಗುಂಡಿಗೆ ಎಟುಕಲಿಲ್ಲ. ಬಾಳು ಮೊಣಕಾಲೂರಿ, ತನ್ನ ಉದ್ದನೆಯ ತೋಳುಗಳಲ್ಲಿ ಕೂಸನ್ನು ಮೆಲ್ಲಗೆ ಇಳಿಸಿದ. ಕಿರುಚಾಟ ಥಟ್ಟನೆ ನಿಂತಿತು.

“ಏ ಬೋಸುಡಿ, ಎದ್ದೇಳ! ಕಾಂಕ್ರೀಟ ಗಟ್ಟಿ ಆಗ್ತದ!” ಎಂದು ಧರ್ಮಣ್ಣ ಕುಣಿದಾಡಿದ.

“ಎಷ್ಟೊತ್ತಮ್ಮಾ?” ಶ್ರೀನಾಥ್ ಕೈಗಡಿಯಾರ ನೋಡಿದ.

“ಅದನ್ಯಾಕ್ ನೋಡ್ತೀರಿ ಸಾಹೇಬ್ರ? ಅದೂ ಫಾರಿನ್ನೋರು ಮಾಡಿದ್ದು. ಇದರ ಹೊಟ್ಟಿ ತುಂಬೂತನಕ.”

ಪಕ್ಕದ ಗುಂಡಿಯಲ್ಲಿ ಯಾರೋ ಕಿಸಕ್ಕೆಂದರು. ಅದರಾಚೆಯ ಗುಂಡಿಯಲ್ಲಿ ಗುದ್ದಲಿಯ ಸದ್ದು ನಿಂತು ನಗೆ ಎದ್ದಿತು. ಮೇಲೆ ಗಾಡಿಯ ಡ್ರಮ್ಮು ಗರಗರ ತಿರುಗುತ್ತಲೇ ಇತ್ತು. ಹುಲಿಗೆವ್ವ ಕೂಸನ್ನು ಇನ್ನೊಂದು ಎದೆಗೆ ಬದಲಿಸಿಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕಳು.